ಆನ್‌ಲೈನ್‌ನಲ್ಲಿ ಫಿಲ್ಲರ್ ತರಿಸಿ ಮನೆಯಲ್ಲೇ ಚುಚ್ಚಿಕೊಳ್ಳಬಹುದಾ? ಡಾಕ್ಟರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಫಿಲ್ಲರ್ ತುಂಬಿ ತುಟಿ ದಪ್ಪ ಮಾಡುವ ಪೆನ್ನಿನ ಜಾಹೀರಾತನ್ನು ಯಾರೋ ಇಲ್ಲಿ ಹಾಕಿದ್ದರು. ಅಳಿಸಿದೆವು. ಆದರೆ ಪ್ರಶ್ನೆಗಳು ನಿಲ್ಲಲಿಲ್ಲ. ನಮ್ಮ ಗುಂಪಿನ ಚರ್ಮರೋಗ ತಜ್ಞೆ ಇವತ್ತು ಭಾನುವಾರ ಸಂಜೆ 7ರಿಂದ ಉತ್ತರ ಕೊಡುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ. ಲಿಂಕ್ ಹಾಕಬೇಡಿ.

ಸೌಮ್ಯ: ನಮಸ್ತೆ ಮೇಡಂ. ಫಿಲ್ಲರ್, ಬೊಟಾಕ್ಸ್ ಎರಡೂ ಒಂದೇನಾ?

ಡಾಕ್ಟರ್: ನಮಸ್ತೆ. ಒಂದೇ ಅಲ್ಲ. ಬೊಟಾಕ್ಸ್ ಸ್ನಾಯುವನ್ನು ಸಡಿಲ ಮಾಡುತ್ತದೆ. ಫಿಲ್ಲರ್ ಒಂದು ಜೆಲ್, ತಗ್ಗಿರುವ ಜಾಗವನ್ನು ತುಂಬುತ್ತದೆ. ಹೆಚ್ಚಾಗಿ ಬಳಸುವುದು ಹಯಲುರಾನಿಕ್ ಆಸಿಡ್‌ನ ಜೆಲ್. ಆ ಆಸಿಡ್ ನಮ್ಮ ಚರ್ಮದಲ್ಲೂ ಇದೆ.

ತಟ್ಟೆ ಇಡ್ಲಿ: ನಮ್ಮ ಚರ್ಮದಲ್ಲೇ ಇರೋದಾದ್ರೆ ಅಪಾಯ ಎಲ್ಲಿಂದ ಬರುತ್ತೆ ಮೇಡಂ?

ಡಾಕ್ಟರ್: ಅನ್ನವೂ ಒಳ್ಳೆಯದೇ. ನೆತ್ತಿಗೇರಿದರೆ ಏನಾಗುತ್ತದೆ? ಜೆಲ್ ಇರಬೇಕಾದ್ದು ಚರ್ಮದಲ್ಲಿ, ರಕ್ತನಾಳದಲ್ಲಲ್ಲ.

ರೇಖಾ: ಕ್ಲಿನಿಕ್‌ನಲ್ಲಿ ಒಂದು ಸಿರಿಂಜ್‌ಗೆ 25,000 ಕೇಳಿದರು. ಆನ್‌ಲೈನ್‌ನಲ್ಲಿ 2,000ಕ್ಕೆ ಸಿಗುತ್ತೆ. ಮಾಲು ಅದೇ ಅಲ್ವಾ?

ಡಾಕ್ಟರ್: ಅದೇ ಮಾಲು ಅಂತ ನಿಮಗೆ ಹೇಳಿದವರು ಯಾರು? ಮಾರುವವನೇ ತಾನೆ. ನಮ್ಮಲ್ಲಿ ಫಿಲ್ಲರ್ 2017ರ ವೈದ್ಯಕೀಯ ಸಾಧನಗಳ ನಿಯಮದ ಕೆಳಗೆ ಬರುತ್ತದೆ. ಹೊರದೇಶದ್ದಾದರೆ ಡಬ್ಬಿಯ ಮೇಲೆ ಇಲ್ಲಿಗೆ ತರಿಸಿದವರ ಹೆಸರು, ವಿಳಾಸ, ಆಮದು ಲೈಸೆನ್ಸ್ ನಂಬರ್ ಇರಬೇಕು. ಒಬ್ಬರು ನನಗೆ ತೋರಿಸಿದ ಡಬ್ಬಿಯಲ್ಲಿ ಇದ್ಯಾವುದೂ ಇರಲಿಲ್ಲ. ಬ್ಯಾಚ್ ನಂಬರ್ ಜಾಗದಲ್ಲಿ ಬರೀ ಸೊನ್ನೆಗಳು. ಒಳಗೆ ಒಂದು ಚೀಟಿ, ಅದರಲ್ಲಿ ತುಟಿಯ ಚಿತ್ರ, ಎಲ್ಲಿ ಚುಚ್ಚಬೇಕು ಅಂತ ಐದು ಚುಕ್ಕೆ. ರಂಗೋಲಿ ಪುಸ್ತಕದ ಹಾಗೆ! ಸಿರಿಂಜ್‌ನಲ್ಲಿ ಇರುವುದು ಹಯಲುರಾನಿಕ್ ಆಸಿಡ್ಡೋ ಸಿಲಿಕೋನೋ ನೋಡಿದರೆ ಗೊತ್ತಾಗುವುದಿಲ್ಲ. ಹಯಲುರಾನಿಕ್ ಜೆಲ್ ಆದರೆ ಕರಗಿಸಲು ಔಷಧಿ ಇದೆ. ಸಿಲಿಕೋನ್ ಆದರೆ ಇಲ್ಲ.

ಮಂಜುನಾಥ್: ಮೇಡಂ, ನನ್ನ ಕಣ್ಣಿನ ಕೆಳಗೆ ಕಪ್ಪು ಇದೆ. ಏನು ಹಚ್ಚಬೇಕು?

ಶೋಭಾ: ಪೆನ್ನಿಗೆ ಸೂಜಿಯೇ ಇಲ್ಲವಂತೆ. ಹಾಗಾದ್ರೆ ಸೇಫ್ ಅಲ್ವಾ? ಮಗಳಿಗೆ 16, ಬೇಕೇ ಬೇಕು ಅಂತ ಹಟ.

ಡಾಕ್ಟರ್: ಸೂಜಿ ಇಲ್ಲದಿದ್ದರೂ ಅದು ರಭಸದಿಂದ ಚರ್ಮ ತೂರಿ ಜೆಲ್ಲನ್ನು ಒಳಗೆ ನುಗ್ಗಿಸುತ್ತದೆ. ಎಷ್ಟು ಆಳ ಹೋಯಿತು ಅನ್ನುವುದು ಯಾರ ಕೈಯಲ್ಲೂ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರ ಅಕ್ಟೋಬರ್‌ನಲ್ಲೇ ಈ ಪೆನ್ ಬಳಸಬೇಡಿ ಅಂತ ಎಚ್ಚರಿಸಿದೆ. ಅದೇ ತಿಂಗಳಿಂದ ಇಂಗ್ಲೆಂಡಿನಲ್ಲಿ 18 ತುಂಬದವರಿಗೆ ಚೆಂದಕ್ಕಾಗಿ ಫಿಲ್ಲರ್ ಹಾಕುವುದೇ ಅಪರಾಧ. ಮಗಳಿಗೆ ಇಲ್ಲ ಅನ್ನಿ.

ಪ್ರಿಯಾ: ಮೇಡಂ, ಪೆನ್ ಒಳ್ಳೇದಾ?

ಡಾಕ್ಟರ್: ಮೇಲೆ ಓದಿ.

ಅನಾಮಿಕ ಸದಸ್ಯೆ: ಮೇಡಂ, ದಯವಿಟ್ಟು ಬೈಬೇಡಿ. ಮಧ್ಯಾಹ್ನ 3ಕ್ಕೆ ನಮ್ಮ ಅಕ್ಕ ಮೇಲ್ತುಟಿಗೆ ಚುಚ್ಚಿಕೊಂಡಳು. ಆನ್‌ಲೈನ್ ಕಿಟ್. ಆಗಲೇ ಬಲಗಡೆ ಬೆಳ್ಳಗಾಯ್ತು. ಈಗ ಮೂಗಿನ ಪಕ್ಕದ ತನಕ ಬಲೆ ಬಲೆಯಾಗಿ ನೇರಳೆ ಗೆರೆ ಬಂದಿದೆ. ನೋವು ಜಾಸ್ತಿ ಆಗ್ತಿದೆ. ಐಸ್ ಇಟ್ಟಿದ್ದೇವೆ. ನಾಳೆ ತೋರಿಸಿದ್ರೆ ಸಾಕಾ?

ಡಾಕ್ಟರ್: ಸಾಕಾಗುವುದಿಲ್ಲ. ಈಗಲೇ ಹೊರಡಿ. ಹೊರಡುತ್ತಾ ಓದಿ.

ಮೊದಲು ಐಸ್ ತೆಗೆಯಿರಿ. ತಣ್ಣಗಾದರೆ ರಕ್ತನಾಳ ಇನ್ನೂ ಕುಗ್ಗುತ್ತದೆ. ಹಿಂಡಬೇಡಿ, ಮತ್ತೆ ಚುಚ್ಚಿ ಹೊರಗೆ ತೆಗೆಯಲು ಹೋಗಬೇಡಿ.

ಉಗುರನ್ನು ಒತ್ತಿ ಬಿಟ್ಟರೆ ಬೆಳ್ಳಗಾಗಿ ತಕ್ಷಣ ಕೆಂಪಾಗುತ್ತದಲ್ಲ, ಹಾಗೆ ಆ ಜಾಗವನ್ನು ಒಂದು ಸಲ ಬೆರಳಲ್ಲಿ ಒತ್ತಿ ಬಿಡಿ. ಎಡಗಡೆಯೂ ಒತ್ತಿ ನೋಡಿ. ಬಲಗಡೆ ಬಣ್ಣ ಮರಳಲು ತಡವಾದರೆ ಅಲ್ಲಿಗೆ ರಕ್ತ ಸರಿಯಾಗಿ ಹೋಗುತ್ತಿಲ್ಲ. ಬಣ್ಣ ಬೇಗ ಬಂತು ಅಂತ ಮನೆಯಲ್ಲಿ ಕೂರಬೇಡಿ. ನೀವು ಹೇಳಿದ ಬಲೆ, ನೋವು, ಬಿಳುಪು ಮೂರೂ ಸೇರಿದರೆ ನನಗೆ ಅನುಮಾನವೇ ಇಲ್ಲ, ಜೆಲ್ ರಕ್ತನಾಳವನ್ನು ಕಟ್ಟಿದೆ. ಹೀಗೇ ಬಿಟ್ಟರೆ ಆ ಚರ್ಮ ಸಾಯುತ್ತದೆ, ಕಪ್ಪಾಗಿ ಉದುರುತ್ತದೆ.

ಜೆಲ್ ಕರಗಿಸಲು ಬೇಕಾದ ಔಷಧಿಯ ಹೆಸರು ಹಯಲುರಾನಿಡೇಸ್. ಬರೆದಿಟ್ಟುಕೊಳ್ಳಿ. ಸುಮ್ನೆ ಹತ್ತಿರದ ನರ್ಸಿಂಗ್ ಹೋಮ್‌ಗೆ ಓಡಬೇಡಿ. ಮೊದಲು ಫೋನ್ ಮಾಡಿ "ಹಯಲುರಾನಿಡೇಸ್ ಇದೆಯಾ, ಕೊಡುವ ಡಾಕ್ಟರ್ ಇದ್ದಾರಾ" ಅಂತ ಕೇಳಿ. ಕಣ್ಣಿನ ಪೊರೆ ಆಪರೇಷನ್‌ನಲ್ಲಿ ಮರಗಟ್ಟಿಸುವ ಮದ್ದಿಗೆ ಇದನ್ನು ಬೆರೆಸುವುದುಂಟು. ಹಾಗಾಗಿ ಕಣ್ಣಿನ ವಿಭಾಗ ಇರುವ ದೊಡ್ಡ ಆಸ್ಪತ್ರೆಯಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಒಂದು ಡೋಸ್ ಸಾಲದೆ ಇರಬಹುದು. ಬಣ್ಣ ಮರಳುವ ತನಕ ಮತ್ತೆ ಮತ್ತೆ ಕೊಡಬೇಕಾಗುತ್ತದೆ.

ಡಬ್ಬಿ, ಸಿರಿಂಜ್, ಚೀಟಿ ಎಲ್ಲ ಜೊತೆಗೆ ಒಯ್ಯಿರಿ.

ಇನ್ನೊಂದು ಮಾತು. ಕಣ್ಣು ಹೇಗಿದೆ? ಮುಖದ ರಕ್ತನಾಳ ತುಟಿಯಿಂದ ಮೂಗಿನ ಪಕ್ಕ ಹತ್ತಿ ಕಣ್ಣಿನ ನಾಳಗಳನ್ನು ಸೇರುತ್ತದೆ. ಒತ್ತಿದ ರಭಸಕ್ಕೆ ಜೆಲ್ ಹಿಂದಕ್ಕೆ ಹರಿದು ಅಲ್ಲಿಗೆ ಹೋಗಬಹುದು. ಮಂಜು ಕವಿದರೆ, ಒಂದು ಎರಡಾಗಿ ಕಂಡರೆ, ರೆಪ್ಪೆ ಜೋತರೆ, ವಾಂತಿ ಬಂದರೆ ಆಗ ಲೆಕ್ಕ ಗಂಟೆಯಲ್ಲಲ್ಲ, ನಿಮಿಷದಲ್ಲಿ. ತಕ್ಷಣ ಹೇಳಿ.

ಲತಾ: ಗಾಬರಿ ಬೇಡ ಪುಟ್ಟಾ. ಹರಳೆಣ್ಣೆ ಬಿಸಿ ಮಾಡಿ ಅರಿಶಿನ ಕಲಸಿ ಪಟ್ಟು ಹಾಕು, ಬೆಳಿಗ್ಗೆಗೆ ಇಳಿಯುತ್ತೆ. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂದಿತ್ತು.

ಡಾಕ್ಟರ್: ಲತಾ ಅವರೇ, ದಯವಿಟ್ಟು ಅಳಿಸಿ. ಅರಿಶಿನ ಮೆತ್ತಿದರೆ ಚರ್ಮದ ಬಣ್ಣ ನೋಡಲು ಆಗುವುದಿಲ್ಲ. ಈಗ ನಮಗೆ ದಾರಿ ತೋರಿಸುತ್ತಿರುವುದು ಆ ಬಣ್ಣ ಒಂದೇ.

ಲತಾ: ನಾನು ಒಳ್ಳೇದಕ್ಕೇ ಹೇಳಿದ್ದು. ಅರಿಶಿನದಿಂದ ಸತ್ತವರನ್ನು ನಾನು ಕಂಡಿಲ್ಲ.

ಬಸವರಾಜ: ದೇವರು ಕೊಟ್ಟ ತುಟಿಗೆ ಏನಾಗಿತ್ತು? ಈಗಿನ ಹೆಣ್ಣುಮಕ್ಕಳಿಗೆ ರೀಲ್ಸ್ ಹುಚ್ಚು.

ಸೌಮ್ಯ: ಸಾರ್, ದೇವರು ಕೊಟ್ಟ ಕೂದಲಿಗೆ ನೀವು ಡೈ ಹಚ್ಚಲ್ವಾ?

ಬಸವರಾಜ: ಡೈ ಬೇರೆ, ಇಂಜೆಕ್ಷನ್ ಬೇರೆ. ಮರ್ಯಾದೆ ಕೊಟ್ಟು ಮಾತಾಡಿ.

ರೇಖಾ: ಮೊದಲು ಮರ್ಯಾದೆ ಬಿಟ್ಟಿದ್ದು ಯಾರು? ಒಬ್ಬಳು ಅಲ್ಲಿ ಒದ್ದಾಡ್ತಿದ್ದಾಳೆ.

ಪಾರ್ಲರ್ ಗೀತಾ: ಎಲ್ಲದಕ್ಕೂ ಡಾಕ್ಟರೇ ಬೇಕು ಅಂತ ಹೆದರಿಸಬೇಡಿ. ನಾನೂ ಮೂರು ದಿನದ ಕೋರ್ಸ್ ಮಾಡಿದ್ದೇನೆ, ಸರ್ಟಿಫಿಕೇಟ್ ಇದೆ. ನನ್ನ ಒಬ್ಬ ಕಸ್ಟಮರ್‌ಗೂ ಏನೂ ಆಗಿಲ್ಲ.

ಡಾಕ್ಟರ್: ನಿಮ್ಮ ಪಾರ್ಲರ್‌ನಲ್ಲಿ ಹಯಲುರಾನಿಡೇಸ್ ಇಟ್ಟಿದ್ದೀರಾ? ಹೌದು ಅಥವಾ ಇಲ್ಲ.

ಪಾರ್ಲರ್ ಗೀತಾ: ಅದು ಬೇರೆ ವಿಷಯ.

ತಟ್ಟೆ ಇಡ್ಲಿ: ಇಲ್ಲ ಅಂತ ಆಯ್ತು.

ಪಾರ್ಲರ್ ಗೀತಾ: ನಿಮ್ಮನ್ನು ಕೇಳಲಿಲ್ಲ. ಹೆಸರು ಹೇಳೋಕೆ ಧೈರ್ಯ ಇಲ್ಲದೋರು ಮಾತಾಡ್ಬೇಡಿ.

ಕವಿತಾ: ಬೆಳ್ಳಗಾಗಲು ಗ್ಲುಟಾಥಿಯೋನ್ ಇಂಜೆಕ್ಷನ್ ಆನ್‌ಲೈನ್‌ನಲ್ಲಿ ತರಿಸಬಹುದಾ?

ಡಾಕ್ಟರ್: ಬೇಡ. ಚರ್ಮ ಬಿಳುಪಾಗಿಸಲು ಅಂತ ಯಾವ ಇಂಜೆಕ್ಷನ್‌ಗೂ ಎಫ್‌ಡಿಎ ಒಪ್ಪಿಗೆ ಇಲ್ಲ.

ಕವಿತಾ: ಒಂದೇ ಡೋಸ್ ಮೇಡಂ?

ಡಾಕ್ಟರ್: ಬೇಡ ಅಂದೆನಲ್ಲ. ಅನಾಮಿಕ ಸದಸ್ಯೆ ಎಲ್ಲಿದ್ದೀರಿ? ಕಣ್ಣಿನ ಬಗ್ಗೆ ಉತ್ತರ ಬರಲಿಲ್ಲ.

ಅನಾಮಿಕ ಸದಸ್ಯೆ: ಆಟೋದಲ್ಲಿ ಇದ್ದೇವೆ ಮೇಡಂ. ಎರಡು ಕಡೆ ಫೋನ್ ಮಾಡಿದೆವು, ಔಷಧಿ ಇಲ್ಲ ಅಂದರು. ಮೂರನೇ ಕಡೆ ಇದೆ, ಬನ್ನಿ ಅಂದರು. ಒತ್ತಿ ನೋಡಿದೆ, ಬಲಗಡೆ ತುಂಬಾ ಹೊತ್ತು ಬೆಳ್ಳಗೇ ಇತ್ತು. ನನ್ನ ಕಣ್ಣು ಸರಿಯಾಗೇ ಕಾಣ್ತಿದೆ.

ಬಸವರಾಜ: ಅಕ್ಕ ಅಂದಿದ್ರಿ?

ಡಾಕ್ಟರ್: ಯಾರಾದರೇನು, ಸುಮ್ಮನಿರಿ. ನೋಡಮ್ಮ, ಕಣ್ಣು ಸರಿ ಇದೆ ಅನ್ನುವುದು ಒಳ್ಳೆಯ ಸುದ್ದಿ. ಒಂದೊಂದೇ ಕಣ್ಣು ಮುಚ್ಚಿ ನೋಡುತ್ತಾ ಇರು. ಹೋದ ಕೂಡಲೇ "ಫಿಲ್ಲರ್, ಮಧ್ಯಾಹ್ನ 3 ಗಂಟೆ" ಅಂತ ನೇರವಾಗಿ ಹೇಳು. ನಾಚಿಕೊಂಡು ಜೇನು ಕಚ್ಚಿತು ಅನ್ನಬೇಡ. ಹಾಗೆ ಹೇಳಿದವರಿದ್ದಾರೆ. ಅಲರ್ಜಿ ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿಬಿಟ್ಟಿರುತ್ತಾರೆ.

ಲತಾ: ಬಿಸಿ ನೀರಿನ ಬಟ್ಟೆಯಾದ್ರೂ ಇಡಬಹುದಾ, ಅದಕ್ಕೂ ಬೈತೀರಾ?

ಡಾಕ್ಟರ್: ಬೆಚ್ಚಗಿನ ಬಟ್ಟೆ ಇಡಬಹುದು. ಇದು ಸರಿ ಹೇಳಿದಿರಿ. ಸುಡುವ ಹಾಗೆ ಬೇಡ.

ಪ್ರಿಯಾ: ಹಾಗಾದ್ರೆ ಪೆನ್ನಿನಲ್ಲಿ ಹೀಗೆ ಆಗಲ್ಲ ಅಲ್ವಾ ಮೇಡಂ?

ಡಾಕ್ಟರ್: ಆಗುತ್ತದೆ. ಮೂರನೇ ಸಲ ಕೇಳಬೇಡಿ.

ಪಾರ್ಲರ್ ಗೀತಾ ಗುಂಪಿನಿಂದ ಹೊರಹೋದರು.

ಅಡ್ಮಿನ್: ಸಂಬಂಧವಿಲ್ಲದ ಕಾಮೆಂಟ್ ಅಳಿಸುತ್ತಿದ್ದೇನೆ. ಸಹಕರಿಸಿ.

ಅನಾಮಿಕ ಸದಸ್ಯೆ: ತಲುಪಿದ್ವಿ. ಔಷಧಿ ತರಿಸಿದ್ದಾರೆ. ಯಾವ ಕಂಪನಿಯ ಫಿಲ್ಲರ್ ಅಂತ ಕೇಳ್ತಿದ್ದಾರೆ ಮೇಡಂ. ಡಬ್ಬಿ ಮೇಲೆ ಒಂದು ಹೆಸರಿದೆ, ಸಿರಿಂಜ್ ಮೇಲೆ ಇನ್ನೊಂದು.

ಡಾಕ್ಟರ್: ಎರಡನ್ನೂ ಅವರ ಕೈಗೆ ಕೊಡು. ಅಡ್ಮಿನ್ ಹತ್ತಿರ ನನ್ನ ನಂಬರ್ ಇದೆ, ಈಗಲೇ ತಗೊಂಡು ಅಲ್ಲಿನ ಡಾಕ್ಟರ್ ಕೈಲಿ ಫೋನ್ ಮಾಡಿಸು. ನಾನು ಮಾತಾಡುತ್ತೇನೆ.

ಮಂಜುನಾಥ್: ಮೇಡಂ, ನನ್ನ ಪ್ರಶ್ನೆ?