ಸಹಾಯ ಬೇಕು: ಪುದುಚೇರಿಯ ಹಳೆ ಫ್ರೆಂಚ್ ಮನೆ ಹೋಟೆಲಿನಲ್ಲಿ ಮೆಟ್ಟಿಲು ಹತ್ತದ ರೂಮು

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪ ಅಮ್ಮನನ್ನು ಬೆಂಗಳೂರಿನಿಂದ ಪುದುಚೇರಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಅಲ್ಲಿನ ಹಳೆ ಫ್ರೆಂಚ್ ಬಡಾವಣೆ ವೈಟ್ ಟೌನ್‌ನಲ್ಲಿ ಹಳೆ ಮನೆಯನ್ನೇ ಹೋಟೆಲ್ ಮಾಡಿರುವ ಕಡೆ ಉಳಿಯಬೇಕು ಅನ್ನುವುದು ಅಮ್ಮನ ಬಹಳ ದಿನದ ಆಸೆ. ಹಳದಿ ಗೋಡೆ, ಒಳಗೆ ಅಂಗಳ, ದೊಡ್ಡ ಮರದ ಕಿಟಕಿ, ಯಾರಿಗೆ ಇಷ್ಟವಾಗಲ್ಲ ಹೇಳಿ!

ಆದರೆ ಅಮ್ಮನಿಗೆ ಮಂಡಿ ಆಪರೇಷನ್ ಆಗಿದೆ. ಈ ಮನೆಗಳ ಚಾವಣಿ ತುಂಬಾ ಎತ್ತರ. ಹಾಗಾಗಿ ಒಂದೇ ಮಹಡಿಗೂ ಮೆಟ್ಟಿಲು ಜಾಸ್ತಿ. ಎಷ್ಟೋ ಕಡೆ ಲಿಫ್ಟ್ ಇಲ್ಲ.

ಇಷ್ಟವಾದ ಒಂದು ಹೋಟೆಲಿಗೆ ಫೋನ್ ಮಾಡಿದೆ, ಮೇಲ್ ಕೂಡ ಹಾಕಿದೆ. "ಕೆಳಗಿನ ರೂಮು ಕೊಡಲು ನೋಡುತ್ತೇವೆ, ಬಂದಾಗ ಹೇಳುತ್ತೇವೆ" ಅಂದರು, ಅಷ್ಟೇ. ಆದರೆ ಹಣ ಮಾತ್ರ ಈಗಲೇ ಪೂರ್ತಿ ಕಟ್ಟಬೇಕಂತೆ. ಬುಕಿಂಗ್ ಆ್ಯಪ್‌ನಲ್ಲಿ ರೂಮಿನ ಹೆಸರಿದೆ, ಯಾವ ಮಹಡಿ ಅಂತ ಇಲ್ಲ. ಫೋಟೋದಲ್ಲಿ ಬೀದಿ ಬಾಗಿಲಿಗೇ ಮೂರ್ನಾಲ್ಕು ಮೆಟ್ಟಿಲು ಕಾಣುತ್ತದೆ. ಕೆಳಗಿನ ರೂಮು ಸಿಕ್ಕರೂ ಬಾತ್‌ರೂಮಿಗೆ ಮತ್ತೆ ಮೆಟ್ಟಿಲಿದ್ದರೆ ಏನು ಮಾಡುವುದು? ಸಂಜೆ ಬೀಚ್ ರಸ್ತೆಗೆ ಗಾಡಿ ಬೇರೆ ಬಿಡುವುದಿಲ್ಲ, ಅಲ್ವಾ?

ವಯಸ್ಸಾದವರ ಜೊತೆ ಅಲ್ಲಿ ಉಳಿದವರು ದಯವಿಟ್ಟು ಹೇಳಿ. ಬೀದಿಯಿಂದ ಹಾಸಿಗೆ, ಬಾತ್‌ರೂಮಿನವರೆಗೆ ಮೆಟ್ಟಿಲಿಲ್ಲದ, ಅಥವಾ ಲಿಫ್ಟ್ ಇರುವ ಹಳೆ ಮನೆ ಹೋಟೆಲ್ ಯಾವುದು? ಹಣ ಕಟ್ಟುವ ಮೊದಲೇ ಕೆಳಗಿನ ರೂಮನ್ನು ಬರಹದಲ್ಲಿ ಖಚಿತ ಮಾಡಿಕೊಡುತ್ತಾರಾ?