ಅಸೈನ್‌ಮೆಂಟ್‌ನಲ್ಲಿ 9, ಮಿಡ್‌ಟರ್ಮ್‌ನಲ್ಲಿ 41: ಎಲ್ಲಿ ತಪ್ಪುತ್ತಿದೆ?

ಮೊದಲ_ಸೆಮ್
ಸರ್ಕಾರಿ ವಿಶ್ವವಿದ್ಯಾಲಯ, ಒಂದು ಲೆಕ್ಚರ್‌ಗೆ ಮುನ್ನೂರು ಜನ. ಲೀನಿಯರ್ ಆಲ್ಜೀಬ್ರಾದ ಅಸೈನ್‌ಮೆಂಟ್‌ಗಳಲ್ಲಿ 10ಕ್ಕೆ 9 ಬರುತ್ತದೆ, ಮಿಡ್‌ಟರ್ಮ್‌ನಲ್ಲಿ ಬಂದದ್ದು 100ಕ್ಕೆ 41. ಕ್ಲಾಸಿನ ಸರಾಸರಿ 52. ಓದುವ ಸಮಯ ಸಾಲದೋ, ಓದುವ ರೀತಿಯೇ ತಪ್ಪೋ? ಕೋರ್ಸ್ ಬಿಟ್ಟುಬಿಡಬೇಕಾ?

ಸದಿಶ
ಮೊದಲು ಗಂಟೆಗಳ ಲೆಕ್ಕ ಹಾಕಿ. ಅಮೆರಿಕದ ಕ್ರೆಡಿಟ್ ಪದ್ಧತಿಯಲ್ಲಿ ವಾರಕ್ಕೆ ಒಂದು ಗಂಟೆ ಕ್ಲಾಸಿದ್ದರೆ ಹೊರಗೆ ಎರಡು ಗಂಟೆ ಓದು ಎಂಬ ಎಣಿಕೆ ಇದೆ. ಯೂರೋಪಿನ ಕ್ರೆಡಿಟ್ ಪದ್ಧತಿ ಇಸಿಟಿಎಸ್‌ನಲ್ಲಿ ಒಂದು ಕ್ರೆಡಿಟ್‌ಗೆ ಒಟ್ಟು 25ರಿಂದ 30 ಗಂಟೆ. ನಿಮ್ಮಲ್ಲಿ ಯಾವ ಪದ್ಧತಿಯೇ ಇರಲಿ, ಕ್ಲಾಸಿನ ಹೊರಗಿನ ಗಂಟೆಗಳನ್ನು ಟೈಮ್‌ಟೇಬಲ್‌ನಲ್ಲೇ ಬರೆದಿಡಿ. ಮುನ್ನೂರು ಜನರ ಕ್ಲಾಸಿನಲ್ಲಿ ನೀವು ಹಿಂದೆ ಬಿದ್ದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ.

ಆದರೆ 9ಕ್ಕೂ 41ಕ್ಕೂ ಇಷ್ಟು ಅಂತರವಿದ್ದರೆ ಸಾಮಾನ್ಯವಾಗಿ ಕಾರಣ ಒಂದೇ: ಅಸೈನ್‌ಮೆಂಟನ್ನು ನೋಟ್ಸ್ ತೆರೆದಿಟ್ಟುಕೊಂಡು ಮಾಡಿರುತ್ತಾರೆ. ಮಾದರಿ ಉತ್ತರ ಕಣ್ಣೆದುರಿಗಿದ್ದರೆ ಮುಂದಿನ ಹೆಜ್ಜೆ ಗುರುತು ಸಿಗುತ್ತದೆ, ಅದನ್ನೇ ಅರ್ಥವಾಯಿತು ಅಂದುಕೊಳ್ಳುತ್ತೇವೆ. ಪರೀಕ್ಷೆಯಲ್ಲಿ ಆ ಹೆಜ್ಜೆಯನ್ನು ನೀವೇ ಹುಟ್ಟಿಸಬೇಕು.

ಒಂದು ಪ್ರಶ್ನೆ ತೆಗೆದುಕೊಳ್ಳಿ: u, v, w ಸ್ವತಂತ್ರ ಸದಿಶಗಳಾದರೆ (ವೆಕ್ಟರ್‌ಗಳಾದರೆ) u+v, v+w, w+u ಕೂಡ ಸ್ವತಂತ್ರ ಎಂದು ಸಾಧಿಸಿ. ಸ್ವತಂತ್ರ ಅಂದರೆ, au+bv+cw=0 ಆಗುವುದು a, b, c ಮೂರೂ ಸೊನ್ನೆಯಾದಾಗ ಮಾತ್ರ. ಎಷ್ಟೋ ಉತ್ತರ ಪತ್ರಿಕೆಗಳು ‘a=b=c=0 ಆಗಿರಲಿ’ ಎಂದೇ ಶುರುವಾಗುತ್ತವೆ. ಸಾಧಿಸಬೇಕಾದ್ದನ್ನೇ ಊಹಿಸಿಕೊಂಡ ಹಾಗಾಯಿತು, ಮಾರ್ಕ್ಸ್ ಅಲ್ಲಿಗೇ ಹೋಯಿತು. a(u+v)+b(v+w)+c(w+u)=0 ಎಂದು ಶುರುಮಾಡಿ. ಬಿಡಿಸಿದರೆ (a+c)u+(a+b)v+(b+c)w=0. u, v, w ಸ್ವತಂತ್ರವಾದ್ದರಿಂದ ಮೂರು ಮೊತ್ತವೂ ಸೊನ್ನೆ. ಮೊದಲೆರಡರಿಂದ c=b, ಮೂರನೆಯದರಿಂದ 2b=0, ಹಾಗಾಗಿ ಮೂರೂ ಸೊನ್ನೆ. (ಫೀಲ್ಡ್ ಅಂದರೆ ಕೂಡಿ, ಕಳೆದು, ಗುಣಿಸಿ, ಭಾಗಿಸಬಹುದಾದ ಸಂಖ್ಯಾ ವ್ಯವಸ್ಥೆ. 2=0 ಆಗುವ ಫೀಲ್ಡಿನಲ್ಲಿ ಈ ಕೊನೆಯ ಹೆಜ್ಜೆ ಕುಸಿಯುತ್ತದೆ, ಹೇಳಿಕೆಯೂ ಸುಳ್ಳಾಗುತ್ತದೆ. ಪ್ರತಿ ಹೆಜ್ಜೆಗೂ ‘ಯಾಕೆ’ ಎಂದು ಕೇಳಿಕೊಂಡವರಿಗೆ ಮಾತ್ರ ಇದು ಕಾಣುತ್ತದೆ.)

ಅಭ್ಯಾಸ ಹೀಗಿರಲಿ. ನೋಟ್ಸ್ ಮುಚ್ಚಿ, ಒಂದು ಲೆಕ್ಕಕ್ಕೆ 30 ನಿಮಿಷ ಕೊಡಿ. ಸಿಕ್ಕಿಹಾಕಿಕೊಂಡ ಸಾಲಿನ ಪಕ್ಕ ಏನು ಗೊತ್ತಾಗುತ್ತಿಲ್ಲ ಎಂದು ಬರೆಯಿರಿ. ಅಷ್ಟನ್ನು ಮಾತ್ರ ನೋಡಿ, ಮತ್ತೆ ಮುಚ್ಚಿ ಮೊದಲಿನಿಂದ ಬರೆಯಿರಿ. ಎರಡು ದಿನ ಬಿಟ್ಟು ಖಾಲಿ ಹಾಳೆಯಲ್ಲಿ ಇನ್ನೊಮ್ಮೆ, ವಾರದ ನಂತರ ಮತ್ತೊಮ್ಮೆ. ಮನಃಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ವಾರದ ನಂತರ ನೋಡಿದರೆ, ನೋಡದೆ ನೆನಪಿಸಿಕೊಂಡು ಬರೆದವರೇ ಮುಂದೆ. ನಿಮ್ಮ ಮಿಡ್‌ಟರ್ಮ್ ಐದು ನಿಮಿಷದ ನಂತರ ಬರುವುದಿಲ್ಲವಲ್ಲ.

ಕೆಂಪು_ಶಾಯಿ
ಸದಿಶ ಅವರು ಹೇಳಿದ ‘ಸಿಕ್ಕಿಹಾಕಿಕೊಂಡ ಸಾಲು’ ಇದೆಯಲ್ಲ, ಪ್ರೊಫೆಸರ್ ಅಥವಾ ಟಿಎ (ಟೀಚಿಂಗ್ ಅಸಿಸ್ಟೆಂಟ್) ಹತ್ತಿರ ಹೋಗುವಾಗ ಅದನ್ನೇ ಒಯ್ಯಿರಿ. ‘ಮೂರನೇ ಅಧ್ಯಾಯ ಅರ್ಥವಾಗಲಿಲ್ಲ’ ಅಂದರೆ ಅವರು ಲೆಕ್ಚರನ್ನೇ ಮತ್ತೆ ಹೇಳುತ್ತಾರೆ, ಅಷ್ಟರಲ್ಲಿ ಸಮಯ ಮುಗಿದಿರುತ್ತದೆ. ಅಸೈನ್‌ಮೆಂಟ್ ಒಪ್ಪಿಸುವ ಹಿಂದಿನ ದಿನ ಕ್ಯೂ ಉದ್ದ, ಪ್ರಶ್ನೆ ಬಂದ ದಿನವೇ ಹೋದರೆ ಕೂತು ಮಾತಾಡುತ್ತಾರೆ.

ಉತ್ತರ ಪತ್ರಿಕೆಯನ್ನೂ ಕೇಳಿ ನೋಡಿ. ಹೋದ ಮಾರ್ಕ್ಸನ್ನು ಮೂರು ಗುಂಪು ಮಾಡಿ: ವ್ಯಾಖ್ಯೆ ಗೊತ್ತಿರಲಿಲ್ಲ, ತರ್ಕ ತಪ್ಪಿತು, ಕೂಡಿ ಕಳೆಯುವಲ್ಲಿ ಎಡವಿದ್ದು. ಮೊದಲನೆಯದನ್ನು ವಾರದಲ್ಲಿ ಸರಿಪಡಿಸಬಹುದು, ಎರಡನೆಯದಕ್ಕೆ ಸೆಮಿಸ್ಟರ್ ಪೂರ್ತಿ ಬೇಕು. ಮರುಮೌಲ್ಯಮಾಪನಕ್ಕೆ ಹಾಕುವ ಮೊದಲು ಮಾರ್ಕ್ಸ್ ಇಳಿಯಲೂಬಹುದೇ ಎಂದು ನಿಯಮ ಓದಿಕೊಳ್ಳಿ.

ಶೇಕಡಾ
ಬಿಡಬೇಕೋ ಬೇಡವೋ ಎನ್ನುವುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಿ. ಅಸೈನ್‌ಮೆಂಟ್ 20, ಮಿಡ್‌ಟರ್ಮ್ 30, ಫೈನಲ್ 50 ಶೇಕಡಾ ಅಂತಿಟ್ಟುಕೊಳ್ಳಿ. ಅಸೈನ್‌ಮೆಂಟ್ ಹೀಗೇ ಮುಂದುವರಿದರೆ ಅದರಿಂದ 18, ಮಿಡ್‌ಟರ್ಮ್‌ನಿಂದ 12.3, ಸೇರಿ 30.3. ಒಟ್ಟು 50 ಆಗಲು ಫೈನಲ್‌ನಲ್ಲಿ 100ಕ್ಕೆ ಸುಮಾರು 40 ಸಾಕು, 60 ಆಗಲು 60 ಬೇಕು. ಬಿಡುವಂಥ ಪರಿಸ್ಥಿತಿ ಇದಲ್ಲ.

ರಿಲೇಟಿವ್ ಗ್ರೇಡಿಂಗ್ (ಉಳಿದವರ ಮಾರ್ಕ್ಸ್‌ಗೆ ಹೋಲಿಸಿ ಗ್ರೇಡ್ ಕೊಡುವುದು) ಇದ್ದರೆ ಸರಾಸರಿಯೊಂದನ್ನೇ ನೋಡಬೇಡಿ, ಸ್ಟ್ಯಾಂಡರ್ಡ್ ಡೀವಿಯೇಷನ್ (ಮಾರ್ಕ್ಸ್ ಸರಾಸರಿಯಿಂದ ಎಷ್ಟು ಹರಡಿದೆ ಎಂಬ ಅಳತೆ) ಕೇಳಿ. ಅದು 15 ಆಗಿದ್ದರೆ 41 ಅಂಥ ಹಿಂದಲ್ಲ, 6 ಆಗಿದ್ದರೆ ಬಹಳ ಹಿಂದೆ. ಬಿಡುವುದೇ ಆದರೆ ಕೊನೆಯ ದಿನಾಂಕ, ಈ ಕೋರ್ಸನ್ನೇ ನೆಚ್ಚಿಕೊಂಡ ಮುಂದಿನ ಕೋರ್ಸ್‌ಗಳು, ಸ್ಕಾಲರ್‌ಶಿಪ್‌ಗೆ ಬೇಕಾದ ಕನಿಷ್ಠ ಕ್ರೆಡಿಟ್, ಈ ಮೂರನ್ನೂ ನೋಡಿಕೊಂಡು ಬಿಡಿ.

ಮೊದಲ_ಸೆಮ್
ಹೌದು, ನೋಟ್ಸ್ ಪಕ್ಕದಲ್ಲೇ ಇರುತ್ತಿತ್ತು. ನಾಲ್ಕು ಜನ ಸೇರಿ ಅಸೈನ್‌ಮೆಂಟ್ ಮಾಡುವುದು ಸರಿಯೇ?

ಸದಿಶ
ಕೋರ್ಸಿನ ನಿಯಮ ಒಪ್ಪಿದರೆ ಸರಿ. ಒಬ್ಬೊಬ್ಬರೂ ಬೇರೆಬೇರೆಯಾಗಿ ಯತ್ನಿಸಿದ ಮೇಲೆ ಕೂಡಿ. ಚರ್ಚೆಯಾದ ಮೇಲೆ ಅಲ್ಲಿ ಗೀಚಿದ ಹಾಳೆಯನ್ನು ಅಲ್ಲೇ ಬಿಟ್ಟು ಬನ್ನಿ, ಉತ್ತರವನ್ನು ಒಬ್ಬರೇ ಕೂತು ಬರೆಯಿರಿ. ಬರೆಯಲು ಬರದಿದ್ದರೆ ಆ ಲೆಕ್ಕ ಇನ್ನೂ ನಿಮ್ಮದಾಗಿಲ್ಲ, ಮತ್ತೆ ಹೋಗಿ ಕೇಳಿ. ಯಾರ ಜೊತೆ ಚರ್ಚಿಸಿದಿರಿ ಎಂದು ಮೇಲ್ಗಡೆ ಹೆಸರು ಹಾಕಿ.