ಒಂಟಿ ಮನೆ ಕಾವಲಿಗೆ ಕೋವಿ: ಬೇಕಾ, ಬೇಡ್ವಾ?

ತೋಟದಮನೆ
ಕೊಪ್ಪ ಕಡೆ ಒಂಟಿ ಮನೆ. ಅಪ್ಪನಿಗೆ 72. ಅವರ ಹೆಸರಲ್ಲಿ ಬೆಳೆ ರಕ್ಷಣೆ ಲೈಸೆನ್ಸಿನ 12 ಬೋರ್ ಜೋಡುನಳಿಗೆ ಕೋವಿ ಇದೆ. ಅಡಿಕೆ ಒಣಗಿಸೋ ಕಾಲಕ್ಕೆ ಕಳ್ಳರ ಕಾಟ. ಮನೆ ಕಾವಲಿಗೆ ಅದೇ ಸಾಕಾ? ದುಡ್ಡು ತರುವಾಗ ಕಾರಲ್ಲಿ ಒಯ್ಯಬಹುದಾ? ಇಲ್ಲಾ ನಾನೇ ರಿವಾಲ್ವರ್‌ಗೆ ಅರ್ಜಿ ಹಾಕ್ಲಾ?

ಕಲಂ ಕಾರಕೂನ
ಮೊದಲು ಲೈಸೆನ್ಸ್ ತೆಗೆದು, ಅದು ಎಲ್ಲಿಯವರೆಗೆ ಊರ್ಜಿತ ಅಂತ ಬರೆದ ಜಾಗ ನೋಡಿ. ಆ ಗಡಿ ದಾಟಿ ಪೇಟೆಗೆ ಒಯ್ದರೆ ಷರತ್ತು ಮುರಿದ ಹಾಗೆ. ಇನ್ನೊಂದು ವಿಷಯ, ಲೈಸೆನ್ಸ್ ಅಪ್ಪನದು. ಅವರಿಲ್ಲದಾಗ ನೀವು ಹಿಡಿದರೆ ಕಾನೂನಿನ ಕಣ್ಣಿಗೆ ಅದು ಲೈಸೆನ್ಸ್ ಇಲ್ಲದ ಕೋವಿಯೇ. 2016ರ ನಿಯಮಗಳ ಪ್ರಕಾರ ಲೈಸೆನ್ಸ್‌ದಾರರಿಗೆ 70 ತುಂಬಿದರೆ ವಾರಸುದಾರರ ಹೆಸರಿಗೆ ಕೇಳಬಹುದು. ಎ-1 ನಮೂನೆ ಅರ್ಜಿ, ಒಡಹುಟ್ಟಿದವರ ಒಪ್ಪಿಗೆ ಪತ್ರ, ಕೋವಿ ತರಬೇತಿಯ ಸರ್ಟಿಫಿಕೇಟ್ ಇಟ್ಟು ಜಿಲ್ಲಾಧಿಕಾರಿ ಕಚೇರಿಗೆ ಕೊಡಿ. ಪೊಲೀಸ್ ವರದಿ ಆಮೇಲೆ ಬರುತ್ತೆ. ರಿವಾಲ್ವರ್‌ಗೆ ಬರೀ 'ಭಯ ಇದೆ' ಅಂದ್ರೆ ನಡೆಯಲ್ಲ. ಬೆದರಿಕೆಗೆ ಕಾಗದದ ಪುರಾವೆ ಬೇಕು: ದೂರು, ಎಫ್‌ಐಆರ್ ಪ್ರತಿ. ತಿರಸ್ಕಾರವಾದರೆ 30 ದಿನದೊಳಗೆ ಮೇಲ್ಮನವಿ.

ನಳಿಗೆ
ಕಾನೂನು ಹಾಗಿರಲಿ, ಆ ಕೋವಿ ಮನೆಯೊಳಗೆ ಕೆಲಸಕ್ಕೆ ಬರಲ್ಲ. 28–30 ಇಂಚಿನ ನಳಿಗೆ ಹಿಡ್ಕೊಂಡು ಜಗಲಿಯಿಂದ ನಡುಮನೆಗೆ ತಿರುಗೋಕೇ ಆಗಲ್ಲ, ಬಾಗಿಲ ದಾರಂದಕ್ಕೆ ಬಡಿಯುತ್ತೆ. ತೋಟಾ (ಕಾಡತೂಸು) ತೆಗೆದು ಬೀಗ ಹಾಕಿ ಇಟ್ಟಿದ್ದರೆ ಕತ್ತಲಲ್ಲಿ ತುಂಬೋ ಹೊತ್ತಿಗೆ ಕಳ್ಳ ಎದುರಿಗಿರ್ತಾನೆ. ತುಂಬಿಯೇ ಗೋಡೆಗೆ ನೇತುಹಾಕಿದರೆ ಮಕ್ಕಳ ಕೈಗೆ ಸಿಗುತ್ತೆ. ಸೇಫ್ಟಿ ಇದೆಯಲ್ಲ ಅನ್ಬೇಡಿ, ಎಷ್ಟೋ ಜೋಡುನಳಿಗೆಗಳಲ್ಲಿ ಅದು ಟ್ರಿಗರ್ ಮಾತ್ರ ಹಿಡಿಯುತ್ತೆ, ತೋಟಾ ಹೊತ್ತಿಸೋಕೆ ಬಡಿಯೋ ಒಳಗಿನ ಕುದುರೆಯನ್ನಲ್ಲ (ಹ್ಯಾಮರ್). ಕೆಳಗೆ ಬಿದ್ದರೆ ಈಡು ಹಾರಬಹುದು.

ಮಳೆಗಾಲದ ತೇವಕ್ಕೆ ಕಾಗದದ ತೋಟಾ ಉಬ್ಬಿ ನಳಿಗೆಗೆ ಕೂರಲ್ಲ, ಕೂತರೂ ಹೊಡೆದ ಮೇಲೆ ಹೊರಗೆ ಬರಲ್ಲ. 'ಟಕ್' ಅಂದು ಹಾರದಿದ್ದರೆ ತಕ್ಷಣ ಕೋವಿ ಮಡಚಿ ತೆರೆಯಬೇಡಿ. ಯಾರೂ ಇಲ್ಲದ ಕಡೆಗೆ ನಳಿಗೆ ತಿರುಗಿಸಿ 60 ಎಣಿಸಿ. ಮದ್ದು ತಡವಾಗಿ ಹತ್ತೋದುಂಟು.

ತೋಟದಮನೆ
ಕೊಡಗಿನವರಿಗೆ ಲೈಸೆನ್ಸೇ ಬೇಡ್ವಲ್ಲ? ಮತ್ತೆ, ಕಾಲಿಗೆ ಹೊಡೆದರೆ ಕೇಸ್ ಆಗಲ್ಲ ಅಂತಾರೆ?

ಕಲಂ ಕಾರಕೂನ
ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರೋ ವಿನಾಯಿತಿ ಅದು. ಸದ್ಯ 2029ರವರೆಗೆ ಇದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಕೊಪ್ಪಕ್ಕೆ ಸಂಬಂಧವಿಲ್ಲ.

ಕಾಲಿಗೆ ಹೊಡೆದರೂ ಕೇಸ್ ಕೇಸೇ. ಕತ್ತಲಲ್ಲಿ ಚರೆ (ತೋಟಾದೊಳಗಿನ ಸಣ್ಣ ಗುಂಡು) ಹರಡುತ್ತೆ, ಕಾಲು ಅಂತ ಗುರಿ ಇಟ್ಟಿದ್ದು ಹೊಟ್ಟೆಗೂ ಹೋಗಬಹುದು. ರಾತ್ರಿ ಬಾಗಿಲು ಮುರಿದು ಒಳನುಗ್ಗಿದವನ ಮೇಲೆ ಪ್ರಾಣ ಹೋಗುವಷ್ಟು ಬಲ ಬಳಸೋಕೆ ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಮಿನಲ್ಲಿ ಅವಕಾಶ ಇದೆ. ಆದರೆ ಅಗತ್ಯಕ್ಕಿಂತ ಹೆಚ್ಚು ಮಾಡೋ ಹಾಗಿಲ್ಲ ಅಂತ 37 ಹೇಳುತ್ತೆ. ಅಂಗಳದ ಅಡಿಕೆ ಗೋಣಿಗೆ ತುಂಬ್ಕೊಂಡು ಓಡೋನ ಬೆನ್ನಿಗೆ ಹೊಡೆದರೆ 41 ನಿಮ್ಮ ಕೈ ಹಿಡಿಯಲ್ಲ. ಚರೆ ಹಿಂದಿನಿಂದ ಹೊಕ್ಕಿದ್ದು ಮರಣೋತ್ತರ ವರದಿಯಲ್ಲಿ ಬಂದೇ ಬರುತ್ತೆ.

ನಳಿಗೆ
ಚುನಾವಣೆ ಬಂದಾಗ ಕೋವಿ ಠಾಣೆಯಲ್ಲಿ ಠೇವಣಿ ಇಡಿ ಅಂತಾರೆ, ಅದೂ ಲೆಕ್ಕಕ್ಕಿರಲಿ. ಆಗ ಕಾವಲಿಗೆ ಉಳಿಯೋದು ನಾಯಿ. ನನ್ನ ಕೇಳಿದ್ರೆ, ಅಡಿಕೆ ರಾಶಿಯನ್ನ ಸಂಜೆ ಮನೆಯೊಳಗೆ ತುಂಬಿ ಅಂಗಳಕ್ಕೆ ಸೆನ್ಸರ್ ಲೈಟ್ ಹಾಕ್ಸಿ. ದುಡ್ಡು ಮಂಡಿಯಿಂದ ನೇರ ಖಾತೆಗೆ ಬರಲಿ, ಕಾರಲ್ಲಿ ಕೋವಿ ಒಯ್ಯೋ ಪ್ರಶ್ನೆಯೇ ಏಳಲ್ಲ.